ಹೆಣಿಗೆ ಎಷ್ಟೋ ಗಟ್ಟಿ ಅಷ್ಟೇನಾ? ಮಣ್ಣು, ಸುಣ್ಣ, ಸುರ್ಕಿ ಮತ್ತು ಒಂದು ಪದದ ಚರಿತ್ರೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ನನ್ನ ದನಿ ಕೇಳ್ತಿದೆ ಅಂದ್ಕೊಂಡಿದ್ದೀನಿ. ನಮ್ಮೂರಲ್ಲಿ ಮೋಡ ಕವಿದರೆ ನೆಟ್‌ವರ್ಕ್ ಹೋಗುತ್ತೆ, ಮಧ್ಯೆ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ನಾನು ಕನ್ನಡ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಊರು ಗೆಟ್ಟವಾಡಿ, ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ. ಈ ಕಡೆ ಚಾಮರಾಜನಗರ, ಆ ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಹೋಯಿತು, ನಮ್ಮ ತಾಳವಾಡಿ ಸೀಮೆ ಮದ್ರಾಸಿನಲ್ಲೇ ಉಳೀತು. ಹಾಗಾಗಿ ನಮ್ಮದು ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತಮಿಳು.

ಕನ್ನಡ ಸಾಹಿತ್ಯದ ವಿದ್ಯಾರ್ಥಿನಿಗೆ ರಸಾಯನಶಾಸ್ತ್ರದ ಉಸಾಬರಿ ಯಾಕೆ ಅಂತ ಕೆಲವರು ಕೇಳಬಹುದು. ಎರಡು ಕಾರಣ ಇದೆ. ಒಂದು, ಪ್ಲಸ್ ಟೂನಲ್ಲಿ ನಾನು ವಿಜ್ಞಾನ ಓದಿದವಳು. ಇನ್ನೊಂದು, ನಮ್ಮ ಮನೆಯ ಒಂದು ಗೋಡೆ. ಮೊದಲು ಗೋಡೆಯ ಕತೆ ಹೇಳ್ತೀನಿ, ಯಾಕೆಂದರೆ ಈ ಪ್ರಬಂಧದ ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

1. ಉದುರಿದ ಗೋಡೆ

ನಮ್ಮ ಮನೆ ತಾತ ಕಟ್ಟಿಸಿದ್ದು. ಮಣ್ಣಿನ ಗೋಡೆ, ನಾಡಹೆಂಚು, ಮೇಲೆ ಸುಣ್ಣದ ಗಾರೆ. ವರ್ಷಕ್ಕೊಂದು ಸಲ ಹಬ್ಬದ ಮುಂಚೆ ಸುಣ್ಣ ಬಳಿಯೋದು, ಅಷ್ಟೇ ಅದರ ಸೇವೆ. ನಾನು ಡಿಗ್ರಿಯಲ್ಲಿದ್ದಾಗ ಅಪ್ಪ, “ಎಷ್ಟು ದಿನ ಅಂತ ಈ ಮಣ್ಣು ಮೆತ್ಕೊಂಡಿರೋದು, ಗಟ್ಟಿಯಾಗಿ ಸಿಮೆಂಟ್ ಹೊಡೆಸ್ಬುಡವ” ಅಂದರು. ಮೇಸ್ತ್ರಿ ಬಂದು ನೆಲದಿಂದ ಎದೆಮಟ್ಟದವರೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿ ಹೋದರು. ನೋಡೋಕೆ ನಯವಾಗಿತ್ತು. ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಪ್ಲಾಸ್ಟರು ಹಪ್ಪಳದ ಥರ ಎದ್ದು, ಹಾಳೆ ಹಾಳೆಯಾಗಿ ನೆಲಕ್ಕೆ ಬಿದ್ದಿತ್ತು. ಬರೀ ಪ್ಲಾಸ್ಟರ್ ಬಿದ್ದಿದ್ದರೆ ಚಿಂತೆ ಇರಲಿಲ್ಲ. ಅದು ತನ್ನ ಜೊತೆ ಒಳಗಿನ ಮಣ್ಣನ್ನೂ ಒಂದು ಗೇಣು ಕಿತ್ಕೊಂಡು ಬಂದಿತ್ತು. ಮುಟ್ಟಿದರೆ ಒಳಮಣ್ಣು ಒದ್ದೆ, ಹಿಟ್ಟಿನ ಮುದ್ದೆಯ ಹಾಗೆ.

ಮೇಸ್ತ್ರಿ ಮತ್ತೆ ಬಂದು ನೋಡಿ, ಸಿಮೆಂಟು ಕಮ್ಮಿ ಆಯ್ತು, ಇನ್ನೂ ಗಟ್ಟಿ ಕಲಸಬೇಕಿತ್ತು ಅಂದರು. ಅಜ್ಜಿ ಒಪ್ಪಲಿಲ್ಲ. “ಗಟ್ಟಿ ಜಾಸ್ತಿಯಾಗೇ ಉದುರ್ದುದ್ದು ಕನ ಮಗ. ಗ್ವಾಡನೂ ಉಸುರಾಡ್ಬೇಕು” ಅಂದಳು.

ಇಬ್ಬರಲ್ಲಿ ಯಾರು ಸರಿ? ಗಟ್ಟಿತನ ಅಂದರೆ ಏನು? ಹೆಚ್ಚು ಕಟ್ಟಿದಷ್ಟೂ ವಸ್ತು ಒಳ್ಳೇದಾಗುತ್ತಾ? ಇದು ಮನೆಜಗಳದ ಹಾಗೆ ಕಂಡರೂ ರಸಾಯನಶಾಸ್ತ್ರದ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಪರಮಾಣುಗಳ ನಡುವಿನ ಬಂಧ ಎಷ್ಟು ದೂರದವರೆಗೆ, ಎಷ್ಟು ಕಡೆಗೆ ಹರಡಿಕೊಂಡಿದೆ ಅನ್ನೋದರ ಮೇಲೆ ವಸ್ತುವಿನ ಗುಣವೂ, ಅದು ಬೇರೆ ವಸ್ತುವಿನ ಜೊತೆ ಹೇಗೆ ವರ್ತಿಸುತ್ತೆ ಅನ್ನೋದೂ ನಿಂತಿದೆ.

2. ಮೂರು ಪದ, ಒಂದು ಅರ್ಥ

ಸಾಹಿತ್ಯದ ವಿದ್ಯಾರ್ಥಿನಿಯಾಗಿ ಮೊದಲು ಪದದಿಂದ ಶುರು ಮಾಡ್ತೀನಿ. ಇಂಗ್ಲಿಷಿನ ‘ಬಾಂಡ್’ ಅನ್ನೋ ಮಾತನ್ನು ರಸಾಯನಶಾಸ್ತ್ರದ ಅರ್ಥದಲ್ಲಿ ಮೊದಲು ಬಳಸಿದವರು ಎಡ್ವರ್ಡ್ ಫ್ರಾಂಕ್‌ಲ್ಯಾಂಡ್, 1866ರಲ್ಲಿ. ಆಗ ಅದು ಎರಡು ಪರಮಾಣುಗಳ ನಡುವೆ ಎಳೆದ ಒಂದು ಗೆರೆ, ಅಷ್ಟೇ. ಆ ಗೆರೆ ಅಂದರೆ ಏನು ಅನ್ನೋದಕ್ಕೆ 50 ವರ್ಷ ಕಾಯಬೇಕಾಯಿತು. 1916ರಲ್ಲಿ ಜಿ.ಎನ್. ಲೂಯಿಸ್ ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನನ್ನು ಹಂಚಿಕೊಳ್ಳೋದೇ ಬಂಧ ಅಂತ ವಿವರಿಸಿದರು. 1939ರಲ್ಲಿ ಲೈನಸ್ ಪಾಲಿಂಗ್ ಅವರ ಪುಸ್ತಕ ಬಂದ ಮೇಲೆ ಅದೇ ವಿಷಯ ಒಂದು ದೊಡ್ಡ ಶಾಸ್ತ್ರವಾಯಿತು.

ಕನ್ನಡದಲ್ಲಿ ಇದಕ್ಕೆ ನಾವು ‘ಬಂಧ’ ಅಂತೀವಿ. ಸಂಸ್ಕೃತದಿಂದ ಬಂದ ಪದ. ಕಟ್ಟುವುದು, ಬಿಗಿಯುವುದು ಅನ್ನೋ ಅರ್ಥ. ನಮ್ಮ ಕಾವ್ಯಮೀಮಾಂಸೆಗೆ ಇದು ಹಳೇ ನಂಟು: ಪದಬಂಧ, ಚಿತ್ರಬಂಧ. ಬಂಧನ, ಬಂದಿ, ಬಂಧು ಎಲ್ಲವೂ ಇದರ ಮನೆತನದವೇ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆ ತಂದ ಕಾಲದಿಂದ, ಶಿವರಾಮ ಕಾರಂತರ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’, 1978ರಲ್ಲಿ ಶುರುವಾದ ‘ಬಾಲವಿಜ್ಞಾನ’ದವರೆಗೆ ಕನ್ನಡದಲ್ಲಿ ವಿಜ್ಞಾನ ಬರೆದವರೆಲ್ಲ ಎದುರಿಸಿದ ಕಷ್ಟ ಇದೇ. ಅರ್ಥ ಹೊಸದು, ಪದ ಎಲ್ಲಿಂದ ತರೋದು?

ನಾನು ಮೊದಲು ಈ ಪಾಠ ಕೇಳಿದ್ದು ಕನ್ನಡದಲ್ಲೂ ಅಲ್ಲ, ಇಂಗ್ಲಿಷಿನಲ್ಲೂ ಅಲ್ಲ. ತಮಿಳು ಪಠ್ಯಪುಸ್ತಕದಲ್ಲಿ ಅದು ‘ವೇದಿಪ್ಪಿಣೈಪ್ಪು’. ಪರೀಕ್ಷೆಗೆ ಉರು ಹೊಡೆದೆ, ಅರ್ಥ ಆಗಲಿಲ್ಲ. ‘ವೇದಿ’ ಅಂದರೆ ರಸಾಯನ, ಸರಿ. ‘ಪಿಣೈಪ್ಪು’ ಅಂದರೇನು? ಎಂ.ಎ.ಗೆ ಬಂದು ಭಾಷಾವಿಜ್ಞಾನದ ತರಗತಿಯಲ್ಲಿ ಪಕಾರ ಹಕಾರವಾಗುವ ನಿಯಮ ಓದುವಾಗ ತಟ್ಟನೆ ಹೊಳೀತು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲು, ಪುಲಿ ಹುಲಿ. ತಮಿಳು ಪಕಾರವನ್ನು ಹಾಗೇ ಉಳಿಸ್ಕೊಂಡಿದೆ. ಹಾಗಾದರೆ ತಮಿಳಿನ ‘ಪಿಣೈ’ಗೆ ಹಳಗನ್ನಡದಲ್ಲಿ ‘ಪೆಣೆ’, ಹೊಸಗನ್ನಡದಲ್ಲಿ ‘ಹೆಣೆ’! ಅಜ್ಜಿ ನನಗೆ ಜಡೆ ಹೆಣೆಯುತ್ತಿದ್ದಳಲ್ಲ, ತಟ್ಟಿ ಹೆಣೆಯುತ್ತಾರಲ್ಲ, ಅದೇ ಹೆಣೆ. ಐದು ವರ್ಷ ನಾನು ಪರಭಾಷೆಯ ಪದ ಅಂತ ಹೆದರಿದ್ದು ನಮ್ಮ ಮನೆಯ ಪದವೇ ಆಗಿತ್ತು.

ಇದು ಬರೀ ಪದದ ಚಮತ್ಕಾರ ಅಂತ ತಿಳೀಬೇಡಿ. ಬಂಧ ಅಂದರೆ ಎರಡನ್ನು ಬಿಗಿಯುವ ಚಿತ್ರ ಮನಸ್ಸಿಗೆ ಬರುತ್ತೆ. ಹೆಣಿಗೆ ಅಂದರೆ ಹಲವು ಎಳೆಗಳು, ಸಡಿಲ ಹೆಣಿಗೆ, ಬಿಗಿ ಹೆಣಿಗೆ, ಬುಟ್ಟಿ, ಚಾಪೆ, ಬಲೆ. ಎಷ್ಟು ಹೆಣೆದಿದೆ ಅನ್ನೋ ಪ್ರಶ್ನೆ ಈ ಪದದ ಒಳಗೇ ಇದೆ. ನಮ್ಮ ನೆಲದ ಕಲ್ಲು ಮಣ್ಣನ್ನು ಅರ್ಥ ಮಾಡ್ಕೊಳ್ಳೋಕೆ ಬೇಕಾಗಿರೋದೂ ಅದೇ ಪ್ರಶ್ನೆ.

3. ನಾಲ್ಕು ಕೈ ಇರುವ ಸಿಲಿಕಾನ್

ಭೂಮಿಯ ಕಲ್ಲು ಮಣ್ಣುಗಳಲ್ಲಿ ಬಹುಪಾಲು ಸಿಲಿಕೇಟುಗಳು. ಇವುಗಳ ಮೂಲ ಘಟಕ ಒಂದೇ: ನಡುವೆ ಒಂದು ಸಿಲಿಕಾನ್, ಸುತ್ತ ನಾಲ್ಕು ಮೂಲೆಗೆ ನಾಲ್ಕು ಆಮ್ಲಜನಕ. ಕೋಲಾಟದಲ್ಲಿ ಪಕ್ಕದವರ ಕೋಲಿಗೆ ಕೋಲು ತಾಗಿಸಿದ ಹಾಗೆ, ಒಂದು ಘಟಕದ ಮೂಲೆಯ ಆಮ್ಲಜನಕವನ್ನು ಪಕ್ಕದ ಘಟಕವೂ ಹಂಚಿಕೊಳ್ಳಬಹುದು. ನಾಲ್ಕು ಮೂಲೆಗಳಲ್ಲಿ ಎಷ್ಟು ಮೂಲೆ ಹಂಚಿಕೆಯಾಗಿದೆ ಅನ್ನೋದೇ ಲೆಕ್ಕ. 1912–13ರಲ್ಲಿ ಎಕ್ಸ್-ಕಿರಣದಿಂದ ಹರಳುಗಳ ಒಳಗನ್ನು ನೋಡುವ ದಾರಿ ಸಿಕ್ಕ ಮೇಲೆ, 1920ರ ದಶಕದ ಕೊನೆಯ ಹೊತ್ತಿಗೆ ಲಾರೆನ್ಸ್ ಬ್ರ್ಯಾಗ್ ಮತ್ತು ಅವರ ಸಂಗಡಿಗರು ಮ್ಯಾಂಚೆಸ್ಟರಿನಲ್ಲಿ ಈ ಲೆಕ್ಕವನ್ನು ಬಿಡಿಸಿದರು.

ಮೂಲೆ ಒಂದೂ ಹಂಚಿಕೆಯಾಗದೆ ಘಟಕಗಳು ಬಿಡಿಬಿಡಿಯಾಗಿದ್ದರೆ ಅದು ಆಲಿವೀನ್. ಎರಡೆರಡು ಮೂಲೆ ಹಂಚಿಕೊಂಡರೆ ಉದ್ದ ಸರಪಳಿ, ಅದು ಪೈರಾಕ್ಸೀನ್. ಮೂರು ಮೂಲೆ ಹಂಚಿಕೊಂಡರೆ ಹಾಳೆ. ಅಭ್ರಕ, ಜೇಡಿಮಣ್ಣು ಈ ಜಾತಿ. ನಾಲ್ಕೂ ಮೂಲೆ ಹಂಚಿಕೊಂಡರೆ ಎಲ್ಲ ದಿಕ್ಕಿಗೂ ಹಬ್ಬಿದ ಬಲೆ; ಅದು ಬೆಣಚುಕಲ್ಲು, ಹೊಳೆಯ ಮರಳು.

ನಮ್ಮ ಸುತ್ತಮುತ್ತ ಇದಕ್ಕೆಲ್ಲ ಸಾಕ್ಷಿ ಇದೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಕಲ್ಲು ಚಾರ್ನೊಕೈಟ್. ಅದರಲ್ಲಿ ಸರಪಳಿ ಜಾತಿಯ ಪೈರಾಕ್ಸೀನೂ ಇದೆ, ಬಲೆ ಜಾತಿಯ ಬೆಣಚೂ ಇದೆ. ಮಳೆ ಬಿಸಿಲಿಗೆ ಈ ಕಲ್ಲು ಸವೆದಾಗ ಪೈರಾಕ್ಸೀನು ಬೇಗ ಕರಗಿ ಕೆಂಪುಮಣ್ಣಿಗೆ ಕಬ್ಬಿಣದ ಬಣ್ಣ ಕೊಡುತ್ತೆ, ಬೆಣಚು ಮರಳಾಗಿ ಹಾಗೇ ಉಳಿಯುತ್ತೆ. 1938ರಲ್ಲಿ ಗೋಲ್ಡಿಚ್ ಅನ್ನುವ ಭೂವಿಜ್ಞಾನಿ ಈ ಸವಕಳಿಯ ಸರದಿಯನ್ನು ಪಟ್ಟಿ ಮಾಡಿದರು: ಮೊದಲು ಆಲಿವೀನ್, ಆಮೇಲೆ ಪೈರಾಕ್ಸೀನ್, ಕಟ್ಟಕಡೆಗೆ ಬೆಣಚು. ಹೆಣಿಗೆ ಕಮ್ಮಿ ಇದ್ದದ್ದು ಮೊದಲು ಬಿಚ್ಚಿಕೊಳ್ಳುತ್ತೆ.

ಆಲಿವೀನ್ ಹೇಗೆ ಬದಲಾಗುತ್ತೆ ಅಂತ ನೋಡೋಕೆ ಸೇಲಂಗೆ ಹೋಗಬೇಕು. ಅಲ್ಲಿನ ಬೆಳ್ಳಗಿನ ಗುಡ್ಡಗಳನ್ನು ನೋಡಿ ಇಂಗ್ಲಿಷರು ‘ಚಾಕ್ ಹಿಲ್ಸ್’ ಅಂತ ಹೆಸರಿಟ್ಟರು. ಅದು ಚಾಕ್ ಅಲ್ಲ, ಮ್ಯಾಗ್ನೆಸೈಟ್. ಆಲಿವೀನ್ ತುಂಬಿದ ಕಲ್ಲು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳಿ ಎಳೆಗಳಾಗಿ ಮಾರ್ಪಟ್ಟದ್ದು. ಹಂಚಿಕೆ ಇಲ್ಲದ ಒಂಟಿ ಘಟಕ ಸಿಕ್ಕವರ ಜೊತೆ ಬೇಗ ಸೇರುತ್ತೆ, ನಾಲ್ಕು ಕೈಯೂ ಹಿಡಿದುಕೊಂಡ ಬೆಣಚು ಯಾರ ಮಾತಿಗೂ ಬಗ್ಗಲ್ಲ. ಹೆಣಿಗೆಯ ಪ್ರಮಾಣ ಗಟ್ಟಿತನವನ್ನಷ್ಟೇ ಅಲ್ಲ, ಕ್ರಿಯೆಯನ್ನೂ ನಿರ್ಧರಿಸುತ್ತೆ ಅಂದದ್ದು ಇದಕ್ಕೇ.

ಸಿಲಿಕೇಟಿಗೆ ಮಾತ್ರ ಈ ಮಾತು ಅಲ್ಲ. ಸೈಕಲ್ ಟ್ಯೂಬಿನ ರಬ್ಬರಿಗೆ ನೂರಕ್ಕೆ ಎರಡು ಮೂರು ಪಾಲು ಗಂಧಕ ಹಾಕಿ ಬೇಯಿಸಿದರೆ ಎಳೆ ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು ಗಂಟು ಬಿದ್ದು, ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುತ್ತೆ. ಮೂವತ್ತು ಪಾಲಿನ ಮೇಲೆ ಹಾಕಿದರೆ ಅದೇ ರಬ್ಬರು ಹಳೇ ಇಂಕ್ ಪೆನ್ನಿನ ಎಬೊನೈಟ್ ಆಗುತ್ತೆ. ಗಟ್ಟಿ, ಆದರೆ ಬಿದ್ದರೆ ಸೀಳುತ್ತೆ.

4. ಸಂಧಿ ಪ್ರಕರಣ

ಇಲ್ಲಿ ಒಂದು ವ್ಯಾಕರಣದ ಮಾತು ಸೇರಿಸ್ತೀನಿ. ಎರಡು ಸಿಲಿಕೇಟ್ ಘಟಕಗಳು ನೀರಿನಲ್ಲಿ ಒಂದಕ್ಕೊಂದು ಸೇರುವಾಗ, ಇಬ್ಬರ ತುದಿಯಲ್ಲೂ ಇರುವ ಆಮ್ಲಜನಕ–ಜಲಜನಕದ ಜೋಡಿಯಿಂದ ಒಂದು ನೀರಿನ ಅಣು ಕಳಚಿ ಹೋಗುತ್ತೆ, ಒಂದೇ ಆಮ್ಲಜನಕ ನಡುವೆ ಸೇತುವೆಯಾಗಿ ಉಳಿಯುತ್ತೆ. ಊರು ಮತ್ತು ಊರು ಸೇರಿ ‘ಊರೂರು’ ಆದಾಗ ನಡುವಿನ ಉಕಾರ ಬಿಟ್ಟುಹೋಗುತ್ತಲ್ಲ, ಇದೂ ಹಾಗೇ ಲೋಪಸಂಧಿ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ನೀರು ಒಳಗೆ ಸೇರಿಕೊಳ್ಳುತ್ತೆ, ಅದು ಆಗಮ. ಎರಡು ಎದುರುಬದುರು ಇದ್ದರೂ ಏನೂ ಆಗದೆ ಹಾಗೇ ಉಳಿದರೆ ವ್ಯಾಕರಣದಲ್ಲಿ ಪ್ರಕೃತಿಭಾವ. ಗಾರೆಯಲ್ಲಿ ಕೂತ ಮರಳಿನ ಕಾಳು ಅಂಥದ್ದು. ಹೋಲಿಕೆಯನ್ನು ತುಂಬಾ ದೂರ ಎಳೆಯಬಾರದು ಅಂತ ನನಗೂ ಗೊತ್ತು. ಆದರೆ ನನಗೆ ಈ ಪಾಠ ಅರ್ಥವಾದದ್ದು ಹೀಗೆ.

5. ಸುಣ್ಣದ ಸುತ್ತು

‘ಸುಣ್ಣ’ ಅನ್ನೋದು ‘ಚೂರ್ಣ’ದ ತದ್ಭವ. ತಮಿಳಿನಲ್ಲಿ ಸುಣ್ಣಾಂಬು. ಎರಡೂ ಭಾಷೆಯವರು ಪುಡಿ ಅಂತಲೇ ಕರೆದರು, ಯಾಕೆಂದರೆ ಸುಟ್ಟ ಕಲ್ಲು ನೀರು ಬಿದ್ದ ಕೂಡಲೇ ಬುಸುಗುಟ್ಟಿ, ಕಾವೇರಿ, ಪುಡಿಯಾಗುತ್ತೆ.

ಲೆಕ್ಕ ಹೀಗಿದೆ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತೆ. ಅದಕ್ಕೆ 18 ಕಿಲೋ ನೀರು ಸೇರಿದರೆ 74 ಕಿಲೋ ಅರಳಿದ ಸುಣ್ಣ. ಗೋಡೆಗೆ ಮೆತ್ತಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ಹೀರಿ, ನೀರನ್ನು ಬಿಟ್ಟುಕೊಟ್ಟು, ಮತ್ತೆ ಸುಣ್ಣಕಲ್ಲೇ ಆಗುತ್ತೆ. ಹೊರಟಲ್ಲಿಗೇ ವಾಪಸ್ಸು. ತಿಂಗಳುಗಟ್ಟಲೆ, ದಪ್ಪ ಗೋಡೆಯಲ್ಲಾದರೆ ವರ್ಷಗಟ್ಟಲೆ ನಡೆಯೋ ಕೆಲಸ ಇದು. ಹೀಗೆ ಗಟ್ಟಿಯಾದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿದಿರುತ್ತವೆ. ಒಳಗಿನ ತೇವ ಆವಿಯಾಗಿ ಆಚೆ ಹೋಗೋಕೆ ಅದೇ ದಾರಿ. ಅಜ್ಜಿ ಹೇಳಿದ ಉಸಿರಾಟ ಇದೇ.

ಹಳೇ ಗಾರೆಯವರು ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕ್ತಿದ್ದರು. ತಮಿಳಿನಲ್ಲಿ ಅದನ್ನು ಕಡುಕ್ಕಾಯ್ ಅಂತಾರೆ. ಸಕ್ಕರೆ ಅಂಶ ಸುಣ್ಣದ ಕ್ಯಾಲ್ಸಿಯಂ ಜೊತೆ ಕೂಡಿ ಅದನ್ನು ನೀರಿನಲ್ಲಿ ಹೆಚ್ಚು ಕರಗುವ ಹಾಗೆ ಮಾಡುತ್ತೆ, ಗಾರೆ ನುಣ್ಣಗೆ ಕೂರುತ್ತೆ. ಅದೇ ಬೆಲ್ಲವನ್ನು ಸಿಮೆಂಟಿಗೆ ಚೂರೇ ಚೂರು ಹಾಕಿ ನೋಡಿ, ಸಿಮೆಂಟು ಗಟ್ಟಿಯಾಗೋದೇ ನಿಧಾನವಾಗಿಬಿಡುತ್ತೆ. ಒಂದು ಕಣ್ಣಿಗೆ ಬೆಣ್ಣೆಯಾದದ್ದು ಇನ್ನೊಂದು ಕಣ್ಣಿಗೆ ಸುಣ್ಣ! ವಸ್ತು ಒಳ್ಳೇದೋ ಕೆಟ್ಟದ್ದೋ ಅಂತ ಒಂಟಿಯಾಗಿ ಹೇಳೋಕಾಗಲ್ಲ, ಯಾವುದರ ಜೊತೆ ಅಂತ ಕೇಳಬೇಕು.

6. ಕನ್ನಂಬಾಡಿಯ ಸುರ್ಕಿ

ಬರೀ ಸುಣ್ಣದ ಗಾರೆಗೆ ಒಂದು ಕೊರತೆ ಇದೆ. ಗಾಳಿ ಸಿಗದ ಕಡೆ, ನೀರಿನ ಒಳಗೆ ಅದು ಗಟ್ಟಿಯಾಗಲ್ಲ. ಹಾಗಿದ್ದ ಮೇಲೆ ನೀರಿನಲ್ಲಿ ನಿಲ್ಲುವ ಕಟ್ಟೆ ಕಟ್ಟೋದು ಹೇಗೆ? ರೋಮನ್ನರು ವೆಸೂವಿಯಸ್ ಸೀಮೆಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿದರು. ನಮ್ಮವರ ಹತ್ತಿರ ಜ್ವಾಲಾಮುಖಿ ಇರಲಿಲ್ಲ, ಇಟ್ಟಿಗೆ ಇತ್ತು. ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಪುಡಿ ಮಾಡಿ ಸುಣ್ಣಕ್ಕೆ ಬೆರೆಸಿದರು. ಆ ಪುಡಿಯೇ ಸುರ್ಕಿ.

ಇದರ ದೊಡ್ಡ ಉದಾಹರಣೆ ನಮ್ಮೆಲ್ಲರಿಗೂ ಗೊತ್ತಿರೋ ಕೃಷ್ಣರಾಜಸಾಗರ, ಹಳಬರ ಬಾಯಲ್ಲಿ ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾಯಿತು. ವಿಶ್ವೇಶ್ವರಯ್ಯನವರು ಆಗ ಮೈಸೂರಿನ ಮುಖ್ಯ ಎಂಜಿನಿಯರ್, ಮರುವರ್ಷ ದಿವಾನರಾದರು. ಕಟ್ಟೆಯ ಉದ್ದ ಸುಮಾರು 8,600 ಅಡಿ, ಎತ್ತರ 130 ಅಡಿ. ಆಗ ಸಿಮೆಂಟನ್ನು ಬಹುಪಾಲು ಹೊರದೇಶದಿಂದ ತರಿಸಬೇಕಿತ್ತು, ಅಷ್ಟು ದೊಡ್ಡ ಕಟ್ಟೆಗೆ ಅದು ಭರಿಸಲಾಗದ ಖರ್ಚು. ಹಾಗಾಗಿ ಕಲ್ಲುಗಳನ್ನು ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲೇ ಕಟ್ಟಿದರು. 20 ವರ್ಷ ನಡೆದ ಕೆಲಸ ಅದು. ನಡುವೆ ಮದ್ರಾಸಿನ ಜೊತೆ ನೀರಿನ ತಕರಾರು, 1924ರ ಒಪ್ಪಂದ. ಆ ಒಪ್ಪಂದದ ಮುಂದಿನ ವರ್ಷ ಮೆಟ್ಟೂರಿನಲ್ಲಿ ಮದ್ರಾಸಿನವರ ಕಟ್ಟೆ ಶುರುವಾಗಿ 1934ರಲ್ಲಿ ಮುಗೀತು. ಅಷ್ಟು ಹೊತ್ತಿಗೆ ಕಾಲ ಬದಲಾಗಿತ್ತು, ಅದು ಕಾಂಕ್ರೀಟಿನ ಕಟ್ಟೆ. ಸುರ್ಕಿಯ ಕನ್ನಂಬಾಡಿ 90 ವರ್ಷ ದಾಟಿಯೂ ಕಾವೇರಿಯನ್ನು ತಡೆದು ನಿಂತಿದೆ.

ಸುರ್ಕಿ ಹೇಗೆ ಕೆಲಸ ಮಾಡುತ್ತೆ? ಹಸಿ ಜೇಡಿಮಣ್ಣು ಹಾಳೆಯ ಜಾತಿ ಅಂದೆ. ಹಾಳೆಗಳ ಒಳಗೆ ಹೆಣಿಗೆ ಗಟ್ಟಿ, ಹಾಳೆ ಹಾಳೆಯ ನಡುವೆ ಸಡಿಲ. ಅದಕ್ಕೇ ನೀರು ಬಿದ್ದರೆ ಜಾರುತ್ತೆ, ಒಣಗಿದರೆ ಬಿಗಿಯುತ್ತೆ, ಮತ್ತೆ ನೀರು ಬಿದ್ದರೆ ಮತ್ತೆ ಮಣ್ಣು. ಇದನ್ನು 600–800 ಡಿಗ್ರಿಯಲ್ಲಿ ಸುಟ್ಟಾಗ ಒಳಗೆ ಬೆಸೆದುಕೊಂಡಿದ್ದ ನೀರಿನಂಶ ಹೊರಟುಹೋಗಿ ಹಾಳೆಗಳ ಕ್ರಮ ಕೆಡುತ್ತೆ. ಅದು ಇನ್ನು ಹಳೇ ಜೇಡಿಗೆ ವಾಪಸ್ಸಾಗಲ್ಲ. ಹಾಗಂತ ಪೂರ್ತಿ ಬೆಣಚಿನ ಹಾಗೆ ಮುಚ್ಚಿಕೊಂಡೂ ಇಲ್ಲ. ಅರ್ಧ ಹೆಣೆದು ಅರ್ಧ ಬಿಚ್ಚಿದ ಸ್ಥಿತಿ. ಸುಣ್ಣದ ತೀಕ್ಷ್ಣ ಕ್ಷಾರದ ನೀರು ಆ ಸಡಿಲ ತುದಿಗಳನ್ನು ಬಿಡಿಸಿ, ಕ್ಯಾಲ್ಸಿಯಂ ಜೊತೆ ಹೊಸದಾಗಿ ಸರಪಳಿ ಸರಪಳಿಯಾಗಿ ಹೆಣೆಯುತ್ತೆ. ಇದಕ್ಕೆ ಗಾಳಿ ಬೇಡ, ನೀರು ಇದ್ದಷ್ಟೂ ಒಳ್ಳೇದು.

ಇಟ್ಟಿಗೆ ಹಸಿಬಿಸಿ ಬೆಂದಿದ್ದರೆ ಜೇಡಿಯ ಹಾಳೆ ಇನ್ನೂ ಬಿಚ್ಚಿರಲ್ಲ, ಸುಣ್ಣಕ್ಕೆ ಹಿಡಿಯೋಕೆ ತುದಿಯೇ ಸಿಗಲ್ಲ. ಅತಿಯಾಗಿ ಬೆಂದು ಕರಕಲಾಗಿದ್ದರೆ ಹೊಸ ಗಟ್ಟಿ ಹರಳು, ಗಾಜು ಆಗಿ ಮತ್ತೆ ಮುಚ್ಚಿಕೊಂಡಿರುತ್ತೆ, ಆಗಲೂ ಕೆಲಸಕ್ಕೆ ಬಾರದು. ಸುರ್ಕಿಗೆ ಬೇಕಾದ್ದು ನಡುವಿನ ಹದ. ಎಕ್ಸ್-ಕಿರಣದ ಹರಳುಶಾಸ್ತ್ರ ಹುಟ್ಟುತ್ತಿದ್ದ ಅದೇ ವರ್ಷಗಳಲ್ಲಿ, ಲೂಯಿಸರ ಎಲೆಕ್ಟ್ರಾನ್ ಜೋಡಿಯ ಸಿದ್ಧಾಂತ ಬಂದ ಅದೇ ವರ್ಷಗಳಲ್ಲಿ, ಕನ್ನಂಬಾಡಿಯಲ್ಲಿ ಕೂಲಿಯವರು ಈ ಹದದ ಗಾರೆ ಕಲಸಿ ಕಲ್ಲು ಕೂರಿಸುತ್ತಿದ್ದರು. ಸಿದ್ಧಾಂತದ ಚರಿತ್ರೆಯಲ್ಲಿ ವರ್ಷಕ್ಕೊಂದು ಹೆಸರಿದೆ, ಗಾರೆ ಕಲಸಿದವರ ಹೆಸರು ಯಾವುದೂ ನಮ್ಮ ಪಠ್ಯದಲ್ಲಿಲ್ಲ. ಚರಿತ್ರೆ ಬರೆಯುವಾಗ ಈ ಎರಡು ಸಾಲುಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು ಅನ್ನೋದು ನನ್ನ ಮೊದಲ ವಾದ.

7. ಸಿಮೆಂಟು ಬಂದ ಮೇಲೆ

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದರು. 1887ರಲ್ಲಿ ಫ್ರಾನ್ಸಿನ ಲ ಶಾತೆಲಿಯೇ ಅದರ ಮುಖ್ಯ ಘಟಕ ಯಾವುದು ಅಂತ ಗುರುತಿಸಿದರು. ಭಾರತದಲ್ಲಿ 1914ರಲ್ಲಿ ಪೋರಬಂದರಿನಲ್ಲಿ, 1930ರ ದಶಕದಲ್ಲಿ ನಮ್ಮ ಆಗಿನ ಜಿಲ್ಲೆಯೇ ಆದ ಕೊಯಮತ್ತೂರಿನ ಮಧುಕ್ಕರೈಯಲ್ಲಿ, ಆಮೇಲೆ ಭದ್ರಾವತಿಯಲ್ಲಿ ಕಾರ್ಖಾನೆಗಳು ಬಂದವು.

ಸಿಮೆಂಟಿನ ಗುಟ್ಟು ಕೂಡ ಹೆಣಿಗೆಯದ್ದೇ. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1,450 ಡಿಗ್ರಿವರೆಗೆ ಕಾಯಿಸಿದಾಗ ಹಾಳೆಯೆಲ್ಲ ಹರಿದು, ಆಲಿವೀನಿನ ಹಾಗೆ ಒಂದೂ ಮೂಲೆ ಹಂಚಿಕೊಳ್ಳದ ಒಂಟಿ ಘಟಕಗಳಾಗುತ್ತವೆ. ಅವಕ್ಕೆ ನೀರು ಬಿದ್ದದ್ದೇ ತಡ, ಕ್ರಿಯೆ ಶುರು. ಗಂಟೆಗಳಲ್ಲಿ ಬಿಗಿಯುತ್ತೆ, 28 ದಿನಕ್ಕೆ ಅಳತೆ ಮಾಡುವಷ್ಟು ಬಲ ಬರುತ್ತೆ. ಒಂಟಿಯಾಗಿದ್ದವು ಸರಪಳಿಯಾಗಿ ಹೆಣೆದುಕೊಳ್ಳುವ ಆತುರವೇ ಅದರ ಶಕ್ತಿ.

ಈಗ ನಮ್ಮ ಗೋಡೆಗೆ ವಾಪಸ್ ಬರೋಣ. ಒಳಗೆ ಮಣ್ಣು, ಅದು ತೇವ ಹೀರಿ ಸ್ವಲ್ಪ ಉಬ್ಬುತ್ತೆ, ಒಣಗಿ ಕುಗ್ಗುತ್ತೆ. ಮೇಲೆ ಸಿಮೆಂಟು, ಅದು ಅಲುಗಾಡಲ್ಲ, ತೇವವನ್ನೂ ಸುಲಭಕ್ಕೆ ಆಚೆ ಬಿಡಲ್ಲ. ನೆಲದಿಂದ ಮೇಲೇರಿದ ತೇವ ಪ್ಲಾಸ್ಟರಿನ ಹಿಂದೆ ಸಿಕ್ಕಿಕೊಂಡಿತು. ಅಲ್ಲಿನ ಮಣ್ಣು ಮೆತ್ತಗಾಯಿತು. ಗಟ್ಟಿ ಹಾಳೆಗೂ ಮೆತ್ತನೆ ಮಣ್ಣಿಗೂ ನಡುವೆ ಹಿಡಿತ ತಪ್ಪಿ, ಹಾಳೆ ತನ್ನ ಭಾರಕ್ಕೆ ತಾನೇ ಬಿತ್ತು. ಮೇಸ್ತ್ರಿ ಹೇಳಿದ ಹಾಗೆ ಸಿಮೆಂಟು ಇನ್ನೂ ಗಟ್ಟಿ ಕಲಸಿದ್ದರೆ ಇನ್ನೂ ಬೇಗ ಬೀಳುತ್ತಿತ್ತು. ಸಿಮೆಂಟಿನ ತಪ್ಪಲ್ಲ, ಮೇಸ್ತ್ರಿಯ ಕೆಟ್ಟತನವೂ ಅಲ್ಲ. ಜೋಡಿ ತಪ್ಪಿತ್ತು. ಕಾಂಕ್ರೀಟ್ ಸೇತುವೆಗೆ ಸಿಮೆಂಟೇ ಬೇಕು, ಅದಕ್ಕೆ ಬೆಲ್ಲದ ಗಾರೆ ಹಾಕಿ ಅಂತ ನಾನು ಹೇಳ್ತಿಲ್ಲ.

ಹಾಗಾಗಿ ನನ್ನ ಎರಡನೇ ವಾದ: ಹೆಣಿಗೆ ಹೆಚ್ಚಾದಷ್ಟೂ ವಸ್ತು ಒಳ್ಳೇದು ಅನ್ನೋದು ನಿಜವಲ್ಲ. ಯಾವ ಪ್ರಮಾಣದ ಹೆಣಿಗೆ ಯಾವುದರ ಪಕ್ಕದಲ್ಲಿ ನಿಲ್ಲುತ್ತೆ ಅನ್ನೋದು ಮುಖ್ಯ. ಸುಣ್ಣದ ಗಾರೆಯ ದೌರ್ಬಲ್ಯ ಅಂತ ನಾವು ಅಂದುಕೊಂಡದ್ದೇ ಮಣ್ಣಿನ ಗೋಡೆಗೆ ಆಸರೆ.

8. ಕೊನೆಯ ಮಾತು

‘ಗಟ್ಟಿ’ ಅನ್ನೋ ಪದವನ್ನು ನಾವು ತುಂಬಾ ಸಲೀಸಾಗಿ ಬಳಸ್ತೀವಿ. ಗಟ್ಟಿ ಭಾಷೆ, ಗಟ್ಟಿ ಗುರುತು, ಗಟ್ಟಿ ಗಡಿ. ಗಡಿಯಲ್ಲಿ ಬೆಳೆದವಳಾಗಿ ನನಗೆ ಈ ಮಾತು ಕೇಳಿದಾಗೆಲ್ಲ ಆ ಸಿಮೆಂಟಿನ ಹಾಳೆ ನೆನಪಾಗುತ್ತೆ. ತಮಿಳಿನ ಪಿಣೈಯಲ್ಲಿ ನನಗೆ ಹೆಣೆ ಸಿಕ್ಕಿತು. ಎರಡು ಭಾಷೆಯ ನಡುವೆ ತೇವ ಹರಿಯೋ ಸಣ್ಣ ರಂಧ್ರ ಇಲ್ಲದಿದ್ದರೆ ಸಿಗುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ಹೇಳಿದರೆ ಪ್ರಬಂಧ ಭಾಷಣವಾಗುತ್ತೆ. ಇಲ್ಲಿಗೆ ನಿಲ್ಲಿಸ್ತೀನಿ.

ಪ್ರಶ್ನೋತ್ತರ

ಪ್ರಶ್ನೆ: ಹಾಗಾದರೆ ‘ರಾಸಾಯನಿಕ ಬಂಧ’ ಅನ್ನೋದನ್ನು ಕೈಬಿಟ್ಟು ‘ಹೆಣಿಗೆ’ ಅನ್ನಬೇಕು ಅಂತೀರಾ?

ಉತ್ತರ: ಇಲ್ಲ ಸರ್. ಅಡುಗೆ ಉಪ್ಪಿನಲ್ಲಿ, ಲೋಹದಲ್ಲಿ ಇರೋ ಬಂಧವನ್ನು ಹೆಣಿಗೆ ಅಂದರೆ ತಪ್ಪು ಚಿತ್ರ ಮೂಡುತ್ತೆ. ಬಂಧ ಸಾಮಾನ್ಯ ಪದವಾಗಿ ಇರಲಿ, ಅದಕ್ಕೆ ನೂರು ವರ್ಷದ ಬಳಕೆ ಇದೆ. ಬಂಧಗಳು ಎಷ್ಟು ದೂರ ಹಬ್ಬಿವೆ ಅಂತ ಹೇಳಬೇಕಾದ ಕಡೆ ಹೆಣಿಗೆ ಬಳಸಬಹುದು. ನಮ್ಮೂರ ಮಕ್ಕಳಿಗೆ ಪಿಣೈಪ್ಪು ಪಾಠ ಮಾಡುವಾಗ ‘ಇದು ಹೆಣೆಯೋದು ಕಣ್ರೋ’ ಅಂತ ಒಂದು ಮಾತು ಹೇಳಿದರೆ ನನಗಾದ ಕಷ್ಟ ಅವರಿಗೆ ಆಗಲ್ಲ.

ಪ್ರಶ್ನೆ: ಗೋಡೆ ಏನಾಯ್ತು?

ಉತ್ತರ: ಮನೆ ಕೆಡವಿ ಹೊಸದಾಗಿ ಕಟ್ಟೋಣ ಅಂತ ಅಪ್ಪ ಹೊರಟಿದ್ದರು, ಈಗಲೂ ಆ ಮಾತು ಪೂರ್ತಿ ಬಿಟ್ಟಿಲ್ಲ. ಒಂದು ಗೋಡೆಗೆ ಮಾತ್ರ ಒಪ್ಪಿಸಿದ್ದೀನಿ. ಉಳಿದ ಸಿಮೆಂಟು ಕೆರೆದು ತೆಗೆದು, ಮಣ್ಣು ಒಣಗೋಕೆ ಬಿಟ್ಟು, ಒಡೆದ ನಾಡಹೆಂಚು ಕುಟ್ಟಿ ಜರಡಿ ಹಿಡಿದು, ಸುಣ್ಣಕ್ಕೆ ಬೆರೆಸಿ ಬಳಿದಿದ್ದೀವಿ. ಅಜ್ಜಿ ಕಟ್ಟೆ ಮೇಲೆ ಕೂತು ಹದ ಹೇಳಿದಳು. ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿದ್ದೆವು. ಒಂದು ಮಳೆಗಾಲ ಕಳೆದಿದೆ, ಸದ್ಯಕ್ಕೆ ನಿಂತಿದೆ. ಇನ್ನೊಂದು ಮಳೆ ನೋಡಿಯೇ ಮಾತಾಡಬೇಕು, ಯಾಕೆಂದರೆ ಸಿಮೆಂಟು ಕೂಡ ಮೊದಲ ಮಳೆಗೆ ಬಿದ್ದಿರಲಿಲ್ಲ.